ಹೊರಗೋಡೆಯ ಚಿಮಣಿಗೆ ಯಾವ ಲೈನರ್? ಉಕ್ಕಿನ ಗ್ರೇಡಿಗಿಂತ ಮೊದಲು ನೋಡಬೇಕಾದ್ದು

ಪ್ರಶ್ನೆ: ನಾವು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿದ್ದೇವೆ. 1950ರ ದಶಕದಲ್ಲಿ ಕಟ್ಟಿದ ಮರದ ಮನೆ ಕೊಂಡಿದ್ದೇವೆ. ಫೈರ್‌ಪ್ಲೇಸ್ ಇದೆ. ಇಟ್ಟಿಗೆ ಚಿಮಣಿ ಮನೆಯ ಹೊರಗೋಡೆಗೆ ಅಂಟಿಕೊಂಡಿದೆ, ಎತ್ತರ ಸುಮಾರು 25 ಅಡಿ. ಒಳಗೆ 13 × 13 ಇಂಚಿನ ಮಣ್ಣಿನ ಟೈಲ್ ಇದೆ. ಕ್ಯಾಮೆರಾ ಇಳಿಸಿ ನೋಡಿದವರು ಟೈಲ್ ಎರಡು ಕಡೆ ಸೀಳಿದೆ ಅಂದರು. 6 ಇಂಚು ಹೊಗೆಬಾಯಿಯ ಹೊಸ ಸೌದೆ ಸ್ಟವ್ ಕೊಂಡಾಗಿದೆ. ಲೈನರ್, ಅಂದರೆ ಚಿಮಣಿಯೊಳಗೆ ಕೂರಿಸುವ ಹೊಗೆಕೊಳವೆ, ಅದರ ಬಗ್ಗೆ ಕೇಳಿದರೆ ನಾಲ್ವರು ನಾಲ್ಕು ಥರ ಹೇಳುತ್ತಾರೆ. ಮೊದಲ ಟೈಲ್‌ವರೆಗೆ ಪೈಪ್ ಏರಿಸಿದರೆ ಸಾಕು ಅನ್ನುತ್ತಾರೆ ಒಬ್ಬರು. 304 ಗ್ರೇಡ್ ಉಕ್ಕಿನ ಬಾಗುವ ಲೈನರ್ ಹಾಕಿ, ಇನ್ಸುಲೇಷನ್ (ಬಿಸಿ ತಡೆಯುವ ಹೊದಿಕೆ) ಬೇಡ ಅನ್ನುತ್ತಾರೆ ಇನ್ನೊಬ್ಬರು. 316 ಟಿಐ ಲೈನರ್, ಇನ್ಸುಲೇಷನ್ ಸಮೇತ ಅನ್ನುವವರು ಮೂರನೆಯವರು. ಸಿಮೆಂಟಿನಂಥದ್ದು ಸುರಿದು ಒಳಗೇ ಹೊಸ ಕೊಳವೆ ಮಾಡಿಕೊಡುತ್ತೇವೆ ಅನ್ನುವವರು ನಾಲ್ಕನೆಯವರು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬಚ್ಚಲ ಹಂಡೆ ಒಲೆಗೆ ಒಂದು ಸಿಮೆಂಟ್ ಪೈಪ್ ಹಾಕಿ ಎಷ್ಟೋ ವರ್ಷದಿಂದ ನಡೆಸುತ್ತಿದ್ದಾರೆ. ಇಲ್ಲಿ ಇಷ್ಟೆಲ್ಲ ನಿಜಕ್ಕೂ ಬೇಕಾ? 304 ಸಾಕಾ, 316 ಬೇಕಾ? ನಾವೇ ಹಾಕಿಕೊಳ್ಳಬಹುದಾ?

ಉತ್ತರ: ಬೇಕು. ನಿಮ್ಮ ಮನೆಗೆ ಸ್ಟವ್ ಬಾಯಿಯಿಂದ ಚಿಮಣಿಯ ತುದಿಯವರೆಗೆ, ನಡುವೆ ಎಲ್ಲೂ ತುಂಡಾಗದೆ ಹೋಗುವ 6 ಇಂಚಿನ ಸ್ಟೇನ್‌ಲೆಸ್ ಲೈನರ್ ಬೇಕು. ಅದಕ್ಕೆ ಉದ್ದಕ್ಕೂ ಇನ್ಸುಲೇಷನ್ ಸುತ್ತಿರಬೇಕು. ಉಕ್ಕು 304 ಆದರೂ ನಡೆಯುತ್ತದೆ. ಮೂರನೆಯವರ ಲೆಕ್ಕವೇ ಸರಿ. ಅವರಿಂದಲೇ 304 ಹಾಕಿಸಿ ಸ್ವಲ್ಪ ದುಡ್ಡು ಉಳಿಸಿಕೊಳ್ಳಬಹುದು, ಆದರೆ ಇನ್ಸುಲೇಷನ್ ಬಿಟ್ಟು ಉಳಿಸಬೇಡಿ. ಲೈನರ್ ಬಗ್ಗೆ ನನ್ನನ್ನು ಕೇಳುವವರು ಬಹುತೇಕ ಎಲ್ಲರೂ ಗ್ರೇಡ್ ಕೇಳುತ್ತಾರೆ, ಇನ್ಸುಲೇಷನ್ ಕೇಳುವವರು ಬಹಳ ಕಮ್ಮಿ. ಚಿಮಣಿ ಚೆನ್ನಾಗಿ ಎಳೆಯುವುದು, ಒಳಗೆ ಬೆಂಕಿ ಹತ್ತದೇ ಇರುವುದು, ಹತ್ತಿದರೂ ಮನೆ ಉಳಿಯುವುದು, ಮೂರೂ ನಿಂತಿರುವುದು ಅಳತೆ ಮತ್ತು ಇನ್ಸುಲೇಷನ್ ಮೇಲೆ.

ಮೊದಲು ಹಂಡೆ ಒಲೆಯ ವಿಷಯ, ಯಾಕೆಂದರೆ ಅದು ನ್ಯಾಯವಾದ ಪ್ರಶ್ನೆ. ಬಚ್ಚಲ ಒಲೆಯ ಬಾಯಿ ತೆರೆದೇ ಇರುತ್ತದೆ. ಗಾಳಿ ಧಾರಾಳವಾಗಿ ಒಳಗೆ ಹೋಗುತ್ತದೆ, ಬೆಂಕಿ ಜೋರಾಗಿ ಉರಿದು ಗಂಟೆಯೊಳಗೆ ಕೆಲಸ ಮುಗಿಸುತ್ತದೆ. ಹೊಗೆ ಬಿಸಿಯಾಗಿಯೇ ಪೈಪ್ ದಾಟುತ್ತದೆ. ಹೊರಗೆ ಎಷ್ಟೇ ಚಳಿ ಅಂದರೂ ಮಲೆನಾಡಿನ ಚಳಿ. ಪೈಪ್ ಹೋಗುವುದು ಮಣ್ಣಿನ ಗೋಡೆ ಅಥವಾ ಜಂಬಿಟ್ಟಿಗೆ ಗೋಡೆಯ ಪಕ್ಕ. ಅಡುಗೆಮನೆಯ ಅಸ್ತ್ರ ಒಲೆಯ ಪೈಪ್ ಕೂಡ ಹಾಗೇ, ಹೊಗೆಯನ್ನು ಮನೆಯಿಂದ ಆಚೆ ಹಾಕುವುದಷ್ಟೇ ಅದರ ಕೆಲಸ.

ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮೂರೂ ತಿರುಗಾಮುರುಗ. ನಿಮ್ಮ ಸ್ಟವ್‌ಗೆ ಬಿಗಿಯಾದ ಬಾಗಿಲಿದೆ. ರಾತ್ರಿ ಮಲಗುವಾಗ ತುಂಬ ಸೌದೆ ಇಟ್ಟು, ಗಾಳಿ ತಗ್ಗಿಸಿ, ಬೆಳಗಿನವರೆಗೆ ನಿಧಾನವಾಗಿ ಉರಿಸುತ್ತೀರಿ. ಹೊರಗೆ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಇರಬಹುದು. ಚಿಮಣಿಯ ಮೂರು ಮೈ ಆ ಚಳಿಗೆ ಬಿಟ್ಟುಕೊಂಡಿದೆ, ನಾಲ್ಕನೆಯ ಮೈ ಮರದ ಮನೆಗೆ ತಾಗಿದೆ. ಜೊತೆಗೆ ಹೊಸ ಸ್ಟವ್‌ಗಳು ಹಳೆಯವಕ್ಕಿಂತ ಬಿಸಿಯನ್ನು ಹೆಚ್ಚು ಮನೆಯೊಳಗೇ ಉಳಿಸಿಕೊಳ್ಳುತ್ತವೆ. 2020ರ ಮೇ ತಿಂಗಳಿಂದ ಅಮೆರಿಕದಲ್ಲಿ ಮಾರುವ ಸೌದೆ ಸ್ಟವ್ ಗಂಟೆಗೆ 2 ಗ್ರಾಂಗಿಂತ ಜಾಸ್ತಿ ಹೊಗೆಕಣ ಬಿಡುವ ಹಾಗಿಲ್ಲ. ನಿಜವಾದ ಸೌದೆ ಉರಿಸಿ ಪರೀಕ್ಷೆ ಮಾಡಿದ್ದಾದರೆ 2.5 ಗ್ರಾಂ. ಇದು ಒಳ್ಳೆಯದೇ. ಆದರೆ ಬಿಸಿ ಮನೆಯೊಳಗೆ ಎಷ್ಟು ಉಳಿಯಿತೋ ಚಿಮಣಿಗೆ ಸಿಗುವ ಬಿಸಿ ಅಷ್ಟು ಕಡಿಮೆಯಾಯಿತು. ಚಿಮಣಿ ಎಳೆಯುವುದು ಬಿಸಿಯ ಬಲದಿಂದಲೇ ಅಲ್ವಾ? ಒಳಗಿನ ಹೊಗೆ ಹೊರಗಿನ ಗಾಳಿಗಿಂತ ಎಷ್ಟು ಬಿಸಿ, ಕೊಳವೆ ಎಷ್ಟು ಎತ್ತರ, ಇವೆರಡೇ ಅದರ ಎಂಜಿನ್.

ಹೊಗೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಅದರಲ್ಲಿರುವ ನೀರು ಮತ್ತು ಟಾರಿನಂಥ ಆವಿ ಗೋಡೆಗೆ ಅಂಟಲು ಶುರುವಾಗುತ್ತದೆ. ಇದನ್ನೇ ಕ್ರಿಯೋಸೋಟ್ ಅನ್ನುತ್ತಾರೆ. ಊರಿನ ಅಡುಗೆಮನೆಯ ಅಟ್ಟದಲ್ಲಿ ನೇತಾಡುವ ಇಲ್ಲಣದ ಹಾಗೆ ಇದನ್ನು ಪೊರಕೆಯಲ್ಲಿ ಗುಡಿಸಿ ಹಾಕೋಕೆ ಆಗಲ್ಲ. ಹೊರಗೋಡೆಯ ಹಳೇ ಚಿಮಣಿಯನ್ನು ಮೇಲಿನಿಂದ ಬಗ್ಗಿ ನೋಡಿದರೆ ತುದಿಯ ನಾಲ್ಕೈದು ಅಡಿಯಲ್ಲಿ, ಚಳಿ ಜಾಸ್ತಿ ತಟ್ಟುವ ಜಾಗದಲ್ಲಿ, ಒಂದು ಗಟ್ಟಿ ಕರಿ ಪದರ ಹೊಳೆಯುತ್ತಿರುತ್ತದೆ. ಉಗುರಿನಲ್ಲಿ ಕೆರೆದರೆ ಏಳುವುದಿಲ್ಲ, ಬ್ರಷ್ ಅದರ ಮೇಲೆ ಸುಮ್ನೆ ಜಾರುತ್ತದೆ. ಒಂದು ದಿನ ಜೋರು ಬೆಂಕಿಯ ಕಿಡಿ ತಾಗಿದರೆ ಅದೇ ಹೊತ್ತಿಕೊಳ್ಳುತ್ತದೆ. ಆಗ ಚಿಮಣಿಯೊಳಗಿನ ಬಿಸಿ 1100 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗಬಹುದು. ನಿಮ್ಮ ಸೀಳಿದ ಟೈಲ್ ಅಂಥ ಬೆಂಕಿಯನ್ನು ತಡೆದು ನಿಲ್ಲಿಸುವುದಿಲ್ಲ.

ಈಗ ಅಳತೆ. ನಿಮ್ಮ 13 × 13 ಟೈಲಿನ ಒಳಮೈ ಸುಮಾರು 11¼ ಇಂಚು ಚೌಕ. ಅಂದರೆ ಸುಮಾರು 127 ಚದರ ಇಂಚು. ಇದು ತಪ್ಪಿ ಕಟ್ಟಿದ್ದಲ್ಲ. ತೆರೆದ ಫೈರ್‌ಪ್ಲೇಸ್‌ಗೆ ಅದರ ಬಾಯಿಯ ಹತ್ತನೇ ಒಂದು ಪಾಲು ಹೊಗೆದಾರಿ ಬೇಕು ಅನ್ನುವುದು ಹಳೇ ಲೆಕ್ಕ. 36 × 30 ಇಂಚಿನ ಬಾಯಿಗೆ 108 ಚದರ ಇಂಚು ಬೇಕಾಗುತ್ತದೆ. ಆ ಕಾಲದ ಮೇಸ್ತ್ರಿ ಸರಿಯಾಗೇ ಕಟ್ಟಿದ್ದಾರೆ. ಆದರೆ ನಿಮ್ಮ ಸ್ಟವ್‌ನ 6 ಇಂಚಿನ ಬಾಯಿ 28 ಚದರ ಇಂಚು ಅಷ್ಟೇ. ಅಮೆರಿಕದಲ್ಲಿ ಚಿಮಣಿಗಳಿಗೆ ಅನುಸರಿಸುವ ಎನ್‌ಎಫ್‌ಪಿಎ 211 ನಿಯಮದ ಪ್ರಕಾರ, ಮನೆಯ ಒಳಗೇ ಇರುವ ಚಿಮಣಿಯ ದಾರಿ ಸ್ಟವ್ ಬಾಯಿಯ ಮೂರು ಪಟ್ಟಿಗಿಂತ ದೊಡ್ಡದಿರಬಾರದು. ಹೊರಗೆ ಚಳಿಗೆ ಬಿಟ್ಟುಕೊಂಡಿದ್ದರೆ ಎರಡು ಪಟ್ಟು ಮಾತ್ರ. ನಿಮ್ಮದಕ್ಕೆ ಮಿತಿ 56 ಚದರ ಇಂಚು, ಇರುವುದು 127. ನಾಲ್ಕೂವರೆ ಪಟ್ಟು! ಕಾಲುವೆಯಲ್ಲಿ ರಭಸವಾಗಿ ಬಂದ ನೀರು ಕೆರೆಗೆ ಬಿದ್ದು ನಿಂತ ಹಾಗೆ, ಹೊಗೆ ಅಲ್ಲಿ ನಿಧಾನವಾಗಿ, ತಣ್ಣಗಾಗಿ, ಗೋಡೆಗೆ ಅಂಟುತ್ತದೆ.

ಹಾಗಾಗಿ ಮೊದಲನೆಯವರ ಸಲಹೆ, ಮೊದಲ ಟೈಲ್‌ವರೆಗೆ ಪೈಪ್ ಏರಿಸುವುದು, ನಿಮ್ಮ ಮನೆಗೆ ಆಗುವುದೇ ಇಲ್ಲ. ಅಳತೆ ಮೀರಿದೆ, ಟೈಲೂ ಸೀಳಿದೆ. ಅವರೊಂದಿಗೆ ಮಾತು ಮುಂದುವರಿಸಬೇಡಿ.

ಕೆಲವರು 8 ಇಂಚು ಹಾಕಿ, ಜಾಗ ಇದೆಯಲ್ಲ ಅಂತಲೂ ಹೇಳಬಹುದು. ಬೇಡ. ಸ್ಟವ್ ಬಾಯಿ 6 ಅಂದರೆ ಲೈನರ್ 6. ಸ್ಟವ್ ಜೊತೆ ಬಂದ ಪುಸ್ತಕದಲ್ಲೂ ಇದೇ ಇರುತ್ತದೆ, ಬಿಲ್ಡಿಂಗ್ ಇನ್‌ಸ್ಪೆಕ್ಟರ್ ನೋಡುವುದೂ ಅದನ್ನೇ.

ಇನ್ನು ಎರಡನೆಯವರು ಹೇಳಿದ್ದು: ಇನ್ಸುಲೇಷನ್ ಬೇಡ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಜನ ಮೋಸ ಹೋಗುವುದು. ಇನ್ಸುಲೇಷನ್ ಹೊಗೆಯನ್ನು ಬಿಸಿಯಾಗಿಡುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಅದರ ಇನ್ನೊಂದು ಕೆಲಸ ಮನೆಯ ಮರವನ್ನು ಕಾಯುವುದು. ಇಟ್ಟಿಗೆ ಚಿಮಣಿಯ ಹೊರಮೈಗೂ ಮನೆಯ ಮರಕ್ಕೂ ನಡುವೆ ಖಾಲಿ ಜಾಗ ಇರಲೇಬೇಕು. ಒಳಗಿನ ಚಿಮಣಿಗೆ 2 ಇಂಚು, ಹೊರಗೋಡೆಯ ಚಿಮಣಿಗೆ 1 ಇಂಚು. ಹಳೇ ಮನೆಗಳಲ್ಲಿ ಈ ಜಾಗ ಸಿಗುವುದು ಅಪರೂಪ. ತೊಲೆ, ಗೋಡೆಯ ಚೌಕಟ್ಟು, ಮಾಡಿನ ಹಲಗೆ ಸೀದಾ ಇಟ್ಟಿಗೆಗೆ ಒರಗಿರುತ್ತವೆ. ಗೋಡೆ ಒಡೆಯದೆ ಅದನ್ನು ಪೂರ್ತಿ ನೋಡಿ ಖಾತ್ರಿ ಮಾಡಿಕೊಳ್ಳಲು ಆಗುವುದಿಲ್ಲ. ವರ್ಷಗಟ್ಟಲೆ ಬಿಸಿ ತಿಂದ ಮರ ಒಳಗೊಳಗೇ ಕರಕಲಾಗಿ, ಹೊಸ ಮರಕ್ಕಿಂತ ಕಡಿಮೆ ಬಿಸಿಗೇ ಹೊತ್ತಿಕೊಳ್ಳುತ್ತದೆ. ಇಷ್ಟು ದಿನ ಏನೂ ಆಗಿಲ್ಲ ಅನ್ನುವುದು ಧೈರ್ಯ ಕೊಡುವ ಮಾತಲ್ಲ.

ಲೈನರ್‌ಗಳಿಗೆ ಅಲ್ಲಿ ಯುಎಲ್ 1777 ಅನ್ನುವ ಪರೀಕ್ಷೆ ಇದೆ. ಚಿಮಣಿಗೆ ಬೆಂಕಿ ಬಿದ್ದ ಹಾಗೆ 2100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 1150 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು 10 ನಿಮಿಷದಂತೆ ಮೂರು ಸಲ ಕೊಟ್ಟು ನೋಡುತ್ತಾರೆ. ಮರ ಇಟ್ಟಿಗೆಗೆ ತಾಗಿದ್ದರೂ ಪರವಾಗಿಲ್ಲ ಅನ್ನುವ ಅರ್ಹತೆ ಲೈನರ್‌ಗೆ ಸಿಗುವುದು, ಆ ಕಂಪನಿ ಹೇಳಿದ ಇನ್ಸುಲೇಷನ್ ಸುತ್ತಿದ್ದರೆ ಮಾತ್ರ. ಸಾಮಾನ್ಯವಾಗಿ ಅದು ಅರ್ಧ ಇಂಚಿನ ಸೆರಾಮಿಕ್ ನಾರಿನ ಕಂಬಳಿ. ಬರಿಯ ಲೈನರ್ ತೂಗುಹಾಕಿದರೆ, ಪೆಟ್ಟಿಗೆ ಮೇಲೆ ಯುಎಲ್ 1777 ಅಂತ ಬರೆದಿದ್ದರೂ, ನಿಮ್ಮ ಮನೆಯಲ್ಲಿ ಅದು ಆ ಪರೀಕ್ಷೆಯಲ್ಲಿ ಪಾಸಾದ ಲೈನರ್ ಅಲ್ಲ. ಎರಡನೆಯವರನ್ನು ಇದೊಂದೇ ಪ್ರಶ್ನೆ ಕೇಳಿ ನೋಡಿ: "ನನ್ನ ಚಿಮಣಿ ಸುತ್ತ ಎಲ್ಲ ಕಡೆ 1 ಇಂಚು ಖಾಲಿ ಇದೆ ಅಂತ ಬರೆದುಕೊಡ್ತೀರಾ?"

ಕಂಬಳಿ ಸುತ್ತಿದ 6 ಇಂಚಿನ ಲೈನರ್ ಸುಮಾರು 7½ ಇಂಚು ದಪ್ಪವಾಗುತ್ತದೆ. ನಿಮ್ಮ 11¼ ಇಂಚಿನ ದಾರಿಯಲ್ಲಿ ಆರಾಮಾಗಿ ಇಳಿಯುತ್ತದೆ. ನಿಮ್ಮ ಪುಣ್ಯ. 8 × 8 ಟೈಲ್ ಇರುವವರಿಗೆ ಒಳಗೆ ಸಿಗುವುದೇ 7 ಇಂಚು. ಅವರು ಹಳೇ ಟೈಲನ್ನೆಲ್ಲ ಒಡೆಸಿ ತೆಗೆಸಬೇಕು, ಅದೇ ಒಂದು ದೊಡ್ಡ ಖರ್ಚು. ಕಂಬಳಿ ಬದಲು ವರ್ಮಿಕ್ಯುಲೈಟ್ ಅನ್ನುವ ಹಗುರ ಖನಿಜದ ಮಿಶ್ರಣ ಸುರಿಯುವ ಪದ್ಧತಿಯೂ ಇದೆ. ನಿಮ್ಮ ಚಿಮಣಿಯಲ್ಲಿ ಲೈನರ್ ಬಿಟ್ಟು ಉಳಿದ ಜಾಗ ತುಂಬಲು ಹದಿನೇಳು ಘನ ಅಡಿ ಬೇಕಾಗುತ್ತದೆ. ಮುಂದೆ ಲೈನರ್ ಬದಲಿಸುವಾಗ ಅದನ್ನು ತೆಗೆಯುವುದು ದೊಡ್ಡ ಪಾಡು. ನಿಮಗೆ ಕಂಬಳಿಯೇ ಸರಿ.

ಈಗ ನಿಮ್ಮ 304, 316. ಎರಡೂ ಒಳ್ಳೆಯ ಸ್ಟೇನ್‌ಲೆಸ್ ಉಕ್ಕೇ. 304ರಲ್ಲಿ ಸುಮಾರು ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುತ್ತದೆ. 316ಕ್ಕೆ ಎರಡು ಪಾಲಿನಷ್ಟು ಮಾಲಿಬ್ಡಿನಂ ಸೇರುತ್ತದೆ, ಅದರಿಂದ ಉಪ್ಪು, ಆಮ್ಲ ಕಚ್ಚಿ ತೂತು ಬೀಳುವುದು ಕಡಿಮೆ. ಟಿಐ ಅಂದರೆ ಟೈಟಾನಿಯಂ. ಪದೇ ಪದೇ ಕಾದು ತಣಿಯುವಾಗ ಉಕ್ಕಿನ ಒಳಗಿನ ಕ್ರೋಮಿಯಂ ಕಾರ್ಬನ್ ಜೊತೆ ಸೇರಿ ವ್ಯರ್ಥವಾಗದಂತೆ ಅದು ಕಾಯುತ್ತದೆ. ಕಲ್ಲಿದ್ದಲು ಉರಿಸುವವರಿಗೆ 316 ಟಿಐ ಬೇಕೇ ಬೇಕು. ಕಲ್ಲಿದ್ದಲಿನ ಬೂದಿಯಲ್ಲಿ ಗಂಧಕ ಇರುತ್ತದೆ. ಬೇಸಿಗೆಯ ತೇವಕ್ಕೆ ಅದು ಆಮ್ಲವಾಗಿ, ಸ್ಟವ್ ಆರಿಸಿಟ್ಟ ತಿಂಗಳುಗಳಲ್ಲೇ ಲೈನರ್ ತಿನ್ನುತ್ತದೆ. ನೀವು ಒಣ ಸೌದೆ ಮಾತ್ರ ಉರಿಸುವವರು. ನಿಮಗೆ 304 ಸಾಕು. ಸಮುದ್ರದ ದಡಕ್ಕೆ ಕೊಚ್ಚಿ ಬಂದ ಮರ, ಬಣ್ಣ ಬಳಿದ ಹಲಗೆ, ಪ್ಲಾಸ್ಟಿಕ್, ಇವನ್ನು ಯಾವ ಗ್ರೇಡ್ ಇದ್ದರೂ ಸ್ಟವ್‌ಗೆ ಹಾಕಬೇಡಿ. ವ್ಯತ್ಯಾಸ ಸ್ವಲ್ಪವೇ ಇದ್ದರೆ 316 ಟಿಐ ತಗೊಳ್ಳಿ, ಬೇಡ ಅನ್ನಲ್ಲ. 316ಕ್ಕೆ ದುಡ್ಡು ಹಾಕಿ ಕಂಬಳಿ ಬಿಡುವ ಕೆಲಸ ಮಾತ್ರ ಮಾಡಬೇಡಿ. "ಲೈಫ್‌ಟೈಮ್ ವಾರಂಟಿ" ಅನ್ನುವುದರ ಕೆಳಗಿನ ಸಣ್ಣ ಅಕ್ಷರವನ್ನೂ ಓದಿ. ಪ್ರತಿ ವರ್ಷ ಚಿಮಣಿ ಸ್ವಚ್ಛ ಮಾಡಿಸಿದ ರಸೀದಿ ಇದ್ದರೆ ಮಾತ್ರ ಅನ್ನುವ ಷರತ್ತು ಸಾಮಾನ್ಯ.

ಗ್ರೇಡಿಗಿಂತ ತಗಡಿನ ದಪ್ಪ ಮುಖ್ಯ, ಇದನ್ನು ಯಾರೂ ಹೇಳುವುದಿಲ್ಲ. ಅಗ್ಗದ ಬಾಗುವ ಲೈನರ್‌ನ ತಗಡು ಒಂದು ಇಂಚಿನ ಸಾವಿರದಲ್ಲಿ ಐದಾರು ಪಾಲು ಅಷ್ಟೇ. ಬಾಗದ ಗಟ್ಟಿ ಪೈಪ್‌ನದು ಅದರ ನಾಲ್ಕು ಪಟ್ಟು. ನಿಮ್ಮ ಚಿಮಣಿ ನೆಟ್ಟಗಿದ್ದರೆ ಗಟ್ಟಿ ಪೈಪ್ ಅತ್ಯುತ್ತಮ: ಒಳಮೈ ನುಣುಪು, ಬಾಳಿಕೆ ಜಾಸ್ತಿ. ಕೆಳಗೆ ಫೈರ್‌ಪ್ಲೇಸ್‌ನ ಗಂಟಲು ದಾಟುವ ಜಾಗದಲ್ಲಿ ಮಾತ್ರ ಬಾಗುವ ತುಂಡು ಸೇರಿಸುತ್ತಾರೆ. ನಡುವೆ ಬಾಗು ಇದ್ದರೆ ಬಾಗುವ ಲೈನರ್‌ನಲ್ಲೇ ದಪ್ಪನೆಯದನ್ನು ಕೇಳಿ. ಒಳಗೆ ನುಣುಪು, ಹೊರಗೆ ಅಲೆಅಲೆ ಇರುವ ಎರಡು ಪದರದ್ದೂ ಸಿಗುತ್ತದೆ. ಗುಡಿಸಲು ಸುಲಭ, ಆದರೆ ಜೋರಾಗಿ ಬಾಗಿಸಿದರೆ ಒಳಪದರ ಬಿಟ್ಟುಕೊಳ್ಳುವ ಅಪಾಯವಿದೆ.

ನಾಲ್ಕನೆಯವರು ಹೇಳಿದ ಸುರಿಯುವ ಲೈನರ್ ಕೆಟ್ಟದ್ದಲ್ಲ. ಗಾರೆ ಉದುರಿ ಚಿಮಣಿಯೇ ಸಡಿಲವಾಗಿದ್ದರೆ ಅದು ಒಳಗಿನಿಂದ ಬಲ ಕೊಡುತ್ತದೆ. ನಿಮ್ಮ ಇಟ್ಟಿಗೆ ಗಟ್ಟಿ ಇದ್ದರೆ ಅಷ್ಟು ಖರ್ಚು ಬೇಕಿಲ್ಲ.

ನೀವೇ ಹಾಕಬಹುದಾ? ಹಲವು ಊರುಗಳಲ್ಲಿ ಮನೆಯವರೇ ಹಾಕಲು ಅಡ್ಡಿಯಿಲ್ಲ, ಆದರೆ ಊರಿನ ಬಿಲ್ಡಿಂಗ್ ಇಲಾಖೆಯ ಪರ್ಮಿಟ್ ಮೊದಲು ವಿಚಾರಿಸಿ. ಮನೆ ಇನ್ಶೂರೆನ್ಸ್‌ನವರಿಗೂ ತಿಳಿಸಿ, ಇಲ್ಲದಿದ್ದರೆ ನಾಳೆ ಕ್ಲೇಮ್ ಹೊತ್ತಿಗೆ ಜಗಳ. ಕೆಲಸ ಹೀಗಿರುತ್ತದೆ. ಹಳೇ ಕ್ರಿಯೋಸೋಟ್ ಎಲ್ಲ ಗುಡಿಸಿ ತೆಗೆಯಬೇಕು. ಅದನ್ನು ಬಿಟ್ಟು ಮೇಲೆ ಲೈನರ್ ಇಳಿಸಿದರೆ ಉರುವಲನ್ನು ಒಳಗೆ ಮುಚ್ಚಿಟ್ಟ ಹಾಗಾಯಿತು. ಅಂಗಳದಲ್ಲಿ ಲೈನರ್ ಉದ್ದಕ್ಕೆ ಮಲಗಿಸಿ, ಕಂಬಳಿಯ ಫಾಯಿಲ್ ಮೈ ಹೊರಗೆ ಬರುವಂತೆ ಸುತ್ತಿ, ಫಾಯಿಲ್ ಟೇಪ್ ಹಾಕಿ, ಮೇಲೆ ಉಕ್ಕಿನ ಬಲೆಯ ತೋಳು ಏರಿಸಬೇಕು. ಆ ಬಲೆ ಇಲ್ಲದಿದ್ದರೆ ಒರಟು ಟೈಲ್ ಅಂಚಿಗೆ ಉಜ್ಜಿ ಕಂಬಳಿ ಹರಿಯುತ್ತದೆ. ಲೈನರ್ ಮೇಲಿನ ಬಾಣದ ಗುರುತು ನೋಡಿ ದಿಕ್ಕು ಸರಿ ಮಾಡಿಕೊಳ್ಳಿ. ತುದಿಗೆ ಶಂಕುವಿನಾಕಾರದ ಟೋಪಿ ಕಟ್ಟಿ, ಒಬ್ಬರು ಮೇಲಿನಿಂದ ಇಳಿಸಬೇಕು, ಇನ್ನೊಬ್ಬರು ಕೆಳಗಿನಿಂದ ಹಗ್ಗ ಎಳೆಯಬೇಕು. 25 ಅಡಿ ಎತ್ತರದಲ್ಲಿ ನಿಂತು ಮಾಡುವ ಕೆಲಸ ಇದು. ಏಣಿ, ಮಾಡು ಅಭ್ಯಾಸ ಇಲ್ಲದವರು ದಯವಿಟ್ಟು ಹತ್ತಬೇಡಿ. ನನ್ನನ್ನು ಕೇಳಿದರೆ ಪ್ರಮಾಣಪತ್ರ ಇರುವ ಚಿಮಣಿ ಕೆಲಸದವರಿಗೇ ಕೊಡಿ, ನೀವು ಪಕ್ಕದಲ್ಲಿ ನಿಂತು ನೋಡಿ.

ಯಾರೇ ಮಾಡಲಿ, ಕೆಳಗಿನ ತುದಿ ಸರಿಯಾಗಬೇಕು. ಫೈರ್‌ಪ್ಲೇಸ್‌ನ ಡ್ಯಾಂಪರ್ (ಹೊಗೆದಾರಿ ಮುಚ್ಚುವ ಕದ) ಇರುವ ಗಂಟಲು ನಾಲ್ಕೈದು ಇಂಚು ಅಗಲ ಇರುತ್ತದೆ, ನಿಮ್ಮ ಲೈನರ್ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಡ್ಯಾಂಪರ್ ತೆಗೆದು ಅದರ ಕಬ್ಬಿಣದ ಚೌಕಟ್ಟು ಕತ್ತರಿಸಬೇಕಾಗಬಹುದು. ಲೈನರನ್ನು ಕಾಲಲ್ಲಿ ತುಳಿದು ಚಪ್ಪಟೆ ಮಾಡಿ ತೂರಿಸುವವರಿದ್ದಾರೆ, ಅದಕ್ಕೆ ಬಿಡಬೇಡಿ. ಅಲ್ಲಿ ಅಳತೆ ಕುಗ್ಗಿದರೆ ಸ್ಟವ್ ಬಾಗಿಲು ತೆರೆದಾಗಲೆಲ್ಲ ಹೊಗೆ ಮನೆಗೆ ಬರುತ್ತದೆ. ಅದೇ ಗಂಟಲಲ್ಲಿ ಲೈನರ್ ಸುತ್ತ ಒಂದು ತಗಡಿನ ತಟ್ಟೆ ಮುಚ್ಚಿ, ಮೇಲೆ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥದ್ದು) ತುರುಕಿಸಿ. ಗಾಜಿನ ನಾರು ಅಲ್ಲಿಗೆ ಬೇಡ. ಈ ತಟ್ಟೆ ಇಲ್ಲದಿದ್ದರೆ ಸ್ಟವ್ ಕೊಟ್ಟ ಬಿಸಿ ಗಾಳಿ ಇಟ್ಟಿಗೆ ಚಿಮಣಿಯೊಳಗೆ ಏರಿ ಹೊರಗೋಡೆಯನ್ನು ಕಾಯಿಸುತ್ತಾ ಕೂರುತ್ತದೆ. ಕೊಟೇಶನ್‌ಗಳಲ್ಲಿ ಇದು ಹೆಚ್ಚಾಗಿ ಇರುವುದೇ ಇಲ್ಲ. ನೀವಾಗಿ ಕೇಳಿ ಸೇರಿಸಿಕೊಳ್ಳಿ.

ಮೇಲೆ ತಟ್ಟೆ, ಮಳೆ ಟೋಪಿ, ಸುತ್ತ ಬಿಸಿ ತಡೆಯುವ ಸಿಲಿಕೋನ್. ಚಿಮಣಿಯ ತುದಿ ಮಾಡು ದಾಟುವ ಜಾಗದಿಂದ 3 ಅಡಿ ಮೇಲಿರಬೇಕು, ಸುತ್ತ 10 ಅಡಿ ದೂರದೊಳಗೆ ಇರುವ ಯಾವುದಕ್ಕಿಂತಲೂ 2 ಅಡಿ ಎತ್ತರ ಇರಬೇಕು.

ಹಾಕಿದ ಮೇಲೆ ಲೈನರ್ ಬಾಳುವುದು ಸೌದೆಯ ಮೇಲೆ. ಒಳಗಿನ ತೇವ ನೂರಕ್ಕೆ 20ಕ್ಕಿಂತ ಕಡಿಮೆ ಇರಬೇಕು. ಓಕ್ ಮರವಾದರೆ ಸೀಳಿ ಜೋಡಿಸಿ ಎರಡು ವರ್ಷ ಒಣಗಲಿ. ಅಂಗಡಿಯವರು "ಒಣಗಿದ್ದು" ಅಂದದ್ದನ್ನು ನಂಬಬೇಡಿ. ಒಂದು ತುಂಡನ್ನು ಅಲ್ಲೇ ಸೀಳಿಸಿ, ಹೊಸದಾಗಿ ತೆರೆದ ಮೈಗೆ ತೇವದ ಮೀಟರ್ ಚುಚ್ಚಿ ನೋಡಿ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಕ್ರಿಯೋಸೋಟ್ 3 ಮಿಲಿಮೀಟರ್ ಮುಟ್ಟಿದರೆ ಕಾಯದೆ ಗುಡಿಸಿಸಿ. ತಂತಿ ಬ್ರಷ್ ಬೇಡ, ನೈಲಾನ್ ಬ್ರಷ್ ಇರಲಿ. ಸ್ಟವ್ ಇರುವ ಕೋಣೆಗೂ ಮಲಗುವ ಕೋಣೆಗಳ ಹತ್ತಿರಕ್ಕೂ ಹೊಗೆ ಅಲಾರಂ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಎರಡೂ ಇಡಿ. ಮಕ್ಕಳಿರುವ ಮನೆಯಲ್ಲಿ ಇವನ್ನು ಇಡಲು ಹಿಂದೆಮುಂದೆ ನೋಡಬೇಡಿ.

ಮೂರನೆಯವರಿಗೆ ಫೋನ್ ಮಾಡಿದಾಗ ಇಷ್ಟನ್ನು ಬರಹದಲ್ಲಿ ಕೇಳಿ: 6 ಇಂಚು, ತುದಿಯಿಂದ ತುದಿಗೆ, ಲೈನರ್ ಮತ್ತು ಕಂಬಳಿ ಎರಡರ ಹೆಸರು, ಅವು ಜೊತೆಯಾಗಿ ಯುಎಲ್ 1777ಕ್ಕೆ ಪಾಸಾಗಿವೆ ಅನ್ನುವ ಕಾಗದ, ತಗಡಿನ ದಪ್ಪ, ಗಂಟಲಿನ ತಟ್ಟೆ, ಮೊದಲು ಗುಡಿಸುವ ಕೆಲಸ, 304ಕ್ಕೆ ಎಷ್ಟು, 316 ಟಿಐಗೆ ಎಷ್ಟು ಅಂತ ಬೇರೆ ಬೇರೆ ಬೆಲೆ. ಅಕ್ಟೋಬರ್ ಬಂದರೆ ಅಲ್ಲಿ ಒಳ್ಳೆ ಕೆಲಸದವರ ದಿನಗಳೆಲ್ಲ ತುಂಬಿಹೋಗುತ್ತವೆ, ಅದಕ್ಕೆ ಮೊದಲೇ ದಿನ ಗೊತ್ತು ಮಾಡಿಕೊಳ್ಳಿ.